ಕುಟುಂಬಕ್ಕೊಂದು ಟ್ಯೂಬು

ಆರೋಗ್ಯಾಧಿಕಾರಿಗೆ ಜನ ಇಟ್ಟಿದ್ದ ಹೆಸರು ಭಾಷಣದ ಡಾಕ್ಟರು. ಹೆಸರಿನಲ್ಲಿ ಸುಳ್ಳೇನೂ ಇರಲಿಲ್ಲ. ಅವರು ಓದಿದ್ದು ವೈದ್ಯವನ್ನೇ, ಕುರ್ಚಿ ಸಿಕ್ಕಿದ್ದೂ ವೈದ್ಯರೆಂದೇ. ಆದರೆ ರೋಗಿಯ ಮೈ ಮುಟ್ಟಿ ಎಷ್ಟು ಕಾಲವಾಯಿತು ಎಂದು ಯಾರಾದರೂ ಕೇಳಿದ್ದರೆ ತಲೆ ಕೆರೆದುಕೊಳ್ಳಬೇಕಾಗುತ್ತಿತ್ತು. ಅವರ ಸ್ಟೆತಾಸ್ಕೋಪು ಇಲಾಖೆಯ ಕಾರಿನ ಕನ್ನಡಿಗೆ ನೇತುಬಿದ್ದಿತ್ತು. ಪೊಲೀಸರು ಗಾಡಿ ತಡೆಯದ ಹಾಗೆ ನೋಡಿಕೊಳ್ಳುವುದಷ್ಟೇ ಅದರ ಕೆಲಸ. ಮೈಕು ಮಾತ್ರ ಒಂದು ವಾರ ಕೈಗೆ ಸಿಗದಿದ್ದರೆ ಅವರಿಗೆ ಗಂಟಲು ಕಟ್ಟಿದಂತಾಗುತ್ತಿತ್ತು. ಸೊಳ್ಳೆಯ ಬಗ್ಗೆ ಎರಡು ಮಾತಾಡಿ ಎಂದರೆ ಸೊಳ್ಳೆಗೇ ನಿದ್ದೆ ಬರುವಷ್ಟು ಮಾತಾಡುತ್ತಿದ್ದರು.

ಬಂದರಿನ ಹಿಂದೆ ಐಸ್ ಕಾರ್ಖಾನೆ, ಅದರ ಹಿಂದೆ ಕಾರ್ಖಾನೆಯವರ ಕೇರಿ. ತಗಡಿನ ಮಾಡು, ಒಂದೊಂದೇ ಕೋಣೆ, ಒಂದು ಮನೆಯ ಗೋಡೆಯೇ ಇನ್ನೊಂದರ ಗೋಡೆ. ಹೆಂಗಸರು ದಿನವಿಡೀ ಒದ್ದೆ ನೆಲದ ಮೇಲೆ ನಿಂತು ಸಿಗಡಿ ಸುಲಿಯುತ್ತಿದ್ದರು, ಗಂಡಸರು ಐಸಿನ ಗಡ್ಡೆ ಹೊರುತ್ತಿದ್ದರು. ಮನೆಗೆ ಬಂದರೆ ಅಜ್ಜಿಯಿಂದ ಹಿಡಿದು ಎದೆಹಾಲಿನ ಕೂಸಿನವರೆಗೆ ಎಲ್ಲರಿಗೂ ಒಂದೇ ಚಾಪೆ, ಒಂದೇ ಹೊದಿಕೆ. ಆ ಕೇರಿಗೆ ಕಜ್ಜಿ ಬಂದು ಕಾಲುಚಾಚಿ ಕೂತು ಬಹಳ ಕಾಲವಾಗಿತ್ತು. ಬೆರಳ ಸಂದಿ, ಮಣಿಕಟ್ಟು, ಕಂಕುಳು, ಸೊಂಟ, ಹೇಳಬಾರದ ಜಾಗ, ಎಲ್ಲೆಲ್ಲೂ ಸಣ್ಣ ಸಣ್ಣ ಗುಳ್ಳೆ. ಹಗಲು ಹೇಗೋ ಕಳೆಯುತ್ತಿತ್ತು. ದೀಪ ಆರಿಸಿ ಮೈ ಬೆಚ್ಚಗಾಯಿತೋ, ಕೇರಿಗೆ ಕೇರಿಯೇ ಎದ್ದು ಕೂತು ಪರಪರ ಕೆರೆದುಕೊಳ್ಳುತ್ತಿತ್ತು. ಕೆರೆದಲ್ಲಿ ಗಾಯ, ಗಾಯದಲ್ಲಿ ಕೀವು, ಕೀವಿನ ಹಿಂದೆಯೇ ಮಕ್ಕಳಿಗೆ ಜ್ವರ. ಬೆಳಿಗ್ಗೆ ಶಾಲೆಯಲ್ಲಿ ತೂಕಡಿಸುವ ಆ ಮಕ್ಕಳನ್ನು ಮೇಷ್ಟರು ಸೋಮಾರಿಗಳೆಂದು ಬೈಯುತ್ತಿದ್ದರು.

ಇದಕ್ಕೆಂದೇ ಮೇಲಿನಿಂದ ಒಂದು ಯೋಜನೆ ಇಳಿದು ಬಂತು. ಹೊರದೇಶದ ಕ್ರೀಮು, ಹೊಳೆಯುವ ಬಿಳಿ ಟ್ಯೂಬು, ಟ್ಯೂಬಿನ ಮೇಲೆ ಹಲ್ಲು ಬಿಟ್ಟು ನಗುವ ಮಗು. ಹಂಚುವ ನಿಯಮವನ್ನು ಭಾಷಣದ ಡಾಕ್ಟರೇ ಹೊಸೆದರು: 'ಕುಟುಂಬಕ್ಕೊಂದು ಟ್ಯೂಬು, ಕಜ್ಜಿಗೆ ತಕ್ಕ ಜವಾಬು'. ಪ್ರಾಸ ಕೂಡಿ ಬಂದದ್ದಕ್ಕೆ ಅವರಿಗೆ ಇಡೀ ದಿನ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಕೇರಿಯ ಆಸ್ಪತ್ರೆಯಲ್ಲಿ ಒಬ್ಬ ಕಿರಿಯ ವೈದ್ಯೆ ಇದ್ದಳು. ಕುರ್ಚಿಯಲ್ಲಿ ಕೂತರೆ ಕಾಲು ನೆಲ ಮುಟ್ಟದಷ್ಟು ಗಿಡ್ಡ. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಸಣ್ಣ ಡಾಕ್ಟರಮ್ಮ. ನಾಲಿಗೆ ಮಾತ್ರ ಸಣ್ಣದಲ್ಲ. ಅವಳು ಕಚೇರಿಗೇ ಬಂದು ಜಗಳಕ್ಕೆ ನಿಂತಳು.

"ಸಾರ್, ಒಂದು ಟ್ಯೂಬು ಒಬ್ಬ ದೊಡ್ಡೋರ ಮೈಗೆ ಸರಿಹೋಗುತ್ತೆ. ಅಲ್ಲಿ ಒಂದೊಂದು ಮನೇಲಿ ಎಂಟೊಂಬತ್ತು ಜನ ಇದ್ದಾರೆ."

"ತೆಳ್ಳಗೆ ಹಚ್ಕೊಳ್ಳಲಿ ಬಿಡಿ ಡಾಕ್ಟ್ರೇ."

"ಎಷ್ಟು ತೆಳ್ಳಗೆ ಸಾರ್? ಮೂಸಿದ್ರೆ ಸಾಕಾ?"

ಡಾಕ್ಟರು ಕೇಳಿಸದವರಂತೆ ಪೇಪರ್‌ವೇಟು ತಿರುಗಿಸಿದರು. ಅವಳು ಬಿಡಲಿಲ್ಲ.

"ಗಂಧಕದ ಮುಲಾಮು ನಾವೇ ಕಲಸಬಹುದು ಸಾರ್. ಗಂಧಕದ ಪುಡಿ, ಪೆಟ್ರೋಲಿಯಂ ಜೆಲ್ಲಿ, ಇಷ್ಟೇ. ಡಬ್ಬಿಗಟ್ಟಲೆ ಆಗುತ್ತೆ. ಮನೆಯೋರೆಲ್ಲ ಒಟ್ಟಿಗೆ ಕುತ್ತಿಗೆಯಿಂದ ಪಾದದವರೆಗೆ ಬಳ್ಕೊಂಡು ಮೂರು ರಾತ್ರಿ ಮಲಗಬೇಕು, ವಾರ ಬಿಟ್ಟು ಇನ್ನೊಂದು ಸಲ. ಒಬ್ಬರು ತಪ್ಪಿಸ್ಕೊಂಡ್ರೂ ಹುಳ ಅವರ ಮೈಯಿಂದ ಮತ್ತೆ ಎಲ್ರಿಗೂ ವಾಪಸ್. ನಿಮಗೆ ನಾನು ಹೇಳ್ಬೇಕಾ?"

ಹೇಳಬೇಕಾಗಿರಲಿಲ್ಲ. ಇದೇ ಕಜ್ಜಿಯ ಪ್ರಶ್ನೆಗೆ ಪುಟಗಟ್ಟಲೆ ಬರೆದು ಪಾಸಾದವರು ಅವರು.

"ಅದು ನಾರುತ್ತಲ್ರೀ," ಎಂದರು. "ಕೊಳೆತ ಮೊಟ್ಟೆ ವಾಸನೆ. ಹಂಚೋದಕ್ಕೆ ಮಂತ್ರಿಗಳು ಬರ್ತಾ ಇದ್ದಾರೆ. ಅವರ ಕೈಗೆ ಕೊಳೆತ ಮೊಟ್ಟೆ ಕೊಡಕ್ಕಾಗುತ್ತಾ?"

"ಕಜ್ಜಿ ಮಂತ್ರಿಗಳಿಗಲ್ವಲ್ಲ ಸಾರ್."

"ಫೋಟೋ ಅವರದು ತಾನೇ?"

ಅಲ್ಲಿಗೆ ಮಾತು ಮುಗಿಯಿತು.

ಹಂಚುವ ದಿನ ಐಸ್ ಕಾರ್ಖಾನೆಯ ಅಂಗಳದಲ್ಲಿ ಪೆಂಡಾಲು ಎದ್ದಿತು. ಮಂತ್ರಿಗಳು ಎಂದಿನಂತೆ ತಡ. ಸುಮ್ಮನೆ ನಿಂತಿದ್ದ ಫೋಟೋಗ್ರಾಫರಿಗೆ ಒಂದು ಐಡಿಯಾ ಹೊಳೆಯಿತು.

"ಸಾರ್, ಒಂದು ಮಗು ಎತ್ಕೊಳ್ಳಿ. ತುಂಬಾ ಚೆನ್ನಾಗಿ ಬರುತ್ತೆ."

ಮುಂದಿನ ಸಾಲಿನಲ್ಲಿದ್ದ ಸಿಗಡಿ ಸುಲಿಯುವ ಹೆಂಗಸೊಬ್ಬಳು ತನ್ನ ಕೂಸನ್ನು ಸಂಕೋಚದಿಂದಲೇ ಕೊಟ್ಟಳು. ಡಾಕ್ಟರು ಅಂಗಿಯ ತೋಳು ಮಡಿಸಿ, ಮುಖದಲ್ಲಿ ಕರುಣೆ ತಂದುಕೊಂಡು, ಅದನ್ನು ಎದೆಗೊತ್ತಿಕೊಂಡರು. ಫೋಟೋ ತೆಗೆದಾಯಿತು. ಅಷ್ಟರಲ್ಲಿ ಮಂತ್ರಿಗಳ ಕಾರು ಬಂತು, ಕೂಸಿನ ತಾಯಿ ಜನರ ನೂಕಾಟದಲ್ಲಿ ಹಿಂದಕ್ಕೆ ಸರಿದಳು, ಕೂಸು ಡಾಕ್ಟರ ಬರಿಗೈ ಮೇಲೆ ಕೆನ್ನೆಯಿಟ್ಟು ನಿದ್ದೆಹೋಯಿತು. ಮಂತ್ರಿಗಳು ಮಾತಾಡುವಾಗ ಅತ್ತಿತ್ತ ಓಡಾಡುವಂತಿಲ್ಲ. ಅವರು ನಾಡಿನ ಇತಿಹಾಸದಿಂದ ಶುರುಮಾಡಿ ಟ್ಯೂಬಿಗೆ ಬಂದು ತಲುಪುವವರೆಗೂ ಕೂಸು ಆ ಕೈ ಮೇಲೆಯೇ, ಗುಳ್ಳೆ ತುಂಬಿದ ಪುಟ್ಟ ಮುಷ್ಟಿಯಲ್ಲಿ ಡಾಕ್ಟರ ಹೆಬ್ಬೆರಳು ಹಿಡಿದುಕೊಂಡು, ಬೆವರಿ ಅಂಟಿಕೊಂಡು ಮಲಗಿತ್ತು. ಮರುದಿನ ಪತ್ರಿಕೆಯಲ್ಲಿ ಫೋಟೋ ಬಂತು. ಡಾಕ್ಟರು ಅದಕ್ಕೆ ಕಟ್ಟು ಹಾಕಿಸಿ ಮನೆಯ ಹಜಾರದಲ್ಲಿ ನೇತುಹಾಕಿದರು.

ಒಂದೂವರೆ ತಿಂಗಳಾಗಿರಬಹುದು. ಅವರ ಬೆರಳ ಸಂದಿಯಲ್ಲಿ ಸಣ್ಣಗೆ ನವೆ ಶುರುವಾಯಿತು.

ಮೊದಲು ಅಂಗಿಗೆ ಗಂಜಿ ಜಾಸ್ತಿ ಹಾಕಿದ್ದೀಯ ಎಂದು ಇಸ್ತ್ರಿಯವನನ್ನು ಬೈದರು. ಆಮೇಲೆ ಹೆಂಡತಿಗೂ ಶುರುವಾಯಿತು. ಅವಳು ಹೊಸ ಸೋಪನ್ನು ಬಚ್ಚಲ ಕಿಟಕಿಯಿಂದ ಎಸೆದಳು. ದೊಡ್ಡ ಮಗಳು ಪರೀಕ್ಷೆಯ ಟೆನ್ಷನ್ ಎಂದಳು. ಚಿಕ್ಕವಳು ಏನೂ ಹೇಳದೆ ಸೋಫಾದ ಮೂಲೆಗೆ ಬೆನ್ನು ಉಜ್ಜುತ್ತ ಕೂತಳು. ಮನೆಯಲ್ಲಿ ಐದನೆಯವರು ಅತ್ತೆ, ಅಂದರೆ ಡಾಕ್ಟರ ಹೆಂಡತಿಯ ತಾಯಿ. ಜೀವಮಾನವಿಡೀ ರೈಲ್ವೆ ಹಾಸ್ಟೆಲಿನಲ್ಲಿ ಅಡುಗೆಮನೆ ಆಳಿದ ಹೆಂಗಸು. ಇದ್ದದ್ದನ್ನು ಇದ್ದ ಹಾಗೆ ಅನ್ನದಿದ್ದರೆ ಅವರಿಗೆ ಅನ್ನ ಜೀರ್ಣವಾಗುತ್ತಿರಲಿಲ್ಲ.

"ಏನ್ರೋ ಇದು, ಮನೆಯೋರೆಲ್ಲ ಸೇರಿ ವಾದ್ಯ ಬಾರಿಸ್ತಿದ್ದೀರಿ?" ಎಂದರು ಒಂದು ಸಂಜೆ, ತಮ್ಮ ಮೊಣಕೈಯನ್ನೂ ಕೆರೆದುಕೊಳ್ಳುತ್ತ. "ಅಳಿಯಂದ್ರೇ, ಇದು ಕಜ್ಜಿ."

ಡಾಕ್ಟರಿಗೆ ಕುಡಿಯುತ್ತಿದ್ದ ಕಾಫಿ ನೆತ್ತಿಗೇರಿತು. "ಅತ್ತೆ, ಆ ಪದ ಈ ಮನೇಲಿ ಎತ್ತಬೇಡಿ. ಅದೆಲ್ಲ ಬರೋದು ಅಂಥೋರಿಗೆ."

"ಎಂಥೋರಿಗೆ?"

"ಅದೇ... ನೈರ್ಮಲ್ಯದ ಅರಿವಿಲ್ಲದೋರಿಗೆ."

"ಹುಳಕ್ಕೆ ಅದು ಹೇಗೆ ಗೊತ್ತಾಗುತ್ತೆ? ಬಾಗಿಲಲ್ಲಿ ನಿಂತು ವಿಚಾರಿಸಿ ಬರುತ್ತಾ?"

ಡಾಕ್ಟರು ಪತ್ರಿಕೆ ಅಡ್ಡ ಹಿಡಿದರು. ಪತ್ರಿಕೆಯ ಹಿಂದೆ ಮಣಿಕಟ್ಟು ಕೆರೆಯಲು ಅನುಕೂಲವೂ ಆಯಿತು.

ಕಚೇರಿಯಲ್ಲಿ ಮರ್ಯಾದೆಗೆ ಕುಂದು ಬಾರದಂತೆ ಕೆರೆದುಕೊಳ್ಳುವ ವಿದ್ಯೆಯನ್ನು ಅವರು ಬೇಗ ಕಲಿತರು. ಪೆನ್ನಿನ ಮುಚ್ಚಳ ತೋಳಿನೊಳಗೆ ಹೋಗುತ್ತಿತ್ತು. ಗಹನವಾದ ವಿಷಯ ಬಂದಾಗ ಎದ್ದು ನಿಂತು ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು, ತಲೆದೂಗುತ್ತ, ಮೇಲಿಂದ ಕೆಳಗೆ ನಿಧಾನವಾಗಿ ಜಾರುತ್ತಿದ್ದರು. ಸಾಹೇಬರು ಈಚೆಗೆ ತುಂಬಾ ಆಳವಾಗಿ ಯೋಚಿಸುತ್ತಾರೆ ಎಂದು ಗುಮಾಸ್ತರು ಮಾತಾಡಿಕೊಂಡರು. ಮೇಜಿನ ಕೆಳಗೆ ಎರಡು ಕಾಲುಗಳು ಒಂದನ್ನೊಂದು ತಿಕ್ಕುತ್ತಿದ್ದುದು ಅವರಿಗೆ ಕಾಣುತ್ತಿರಲಿಲ್ಲ.

ಕೊನೆಗೆ ದೊಡ್ಡ ಪೇಟೆಯಲ್ಲಿದ್ದ ಚರ್ಮರೋಗ ತಜ್ಞನ ಹತ್ತಿರ ಹೋದರು. ಓದುವಾಗ ಒಂದೇ ಬೆಂಚಿನಲ್ಲಿ ಕೂತಿದ್ದ ಗೆಳೆಯ. ತಣ್ಣನೆಯ ಕೋಣೆ, ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು. ಡಾಕ್ಟರು ಕೈ ಮುಂದೆ ಚಾಚಿದರು. ಗೆಳೆಯ ಬಾಗಿ ನೋಡಿದವನು, ಕಾದ ಪಾತ್ರೆ ಮುಟ್ಟಿದವನಂತೆ ಹಿಂದೆ ಸರಿದು ಕುರ್ಚಿಗೆ ಒರಗಿದ. ನೋಡಿದ ಕೂಡಲೇ ಅವನಿಗೆ ಗೊತ್ತಾಗಿತ್ತು. ಆದರೆ ಇಲಾಖೆಯ ಅಧಿಕಾರಿಗೆ ಮುಖದ ಮೇಲೆ ಆ ಮಾತು ಹೇಳಿ ನಿಷ್ಠುರವಾಗುವುದು ಯಾರಿಗೆ ಬೇಕು?

"ನಿನ್ನ ಚರ್ಮ ತುಂಬಾ ಸೂಕ್ಷ್ಮ ಕಣೋ," ಎಂದ. "ಅಲರ್ಜಿ. ಹೊಣೆ ಜಾಸ್ತಿ ಇರೋರಿಗೆ ಹೀಗಾಗುತ್ತೆ. ನೀನು ನಿನ್ನ ಬಗ್ಗೆ ಯೋಚಿಸೋದೇ ಇಲ್ಲ."

ಡಾಕ್ಟರಿಗೆ ಎದೆ ತುಂಬಿ ಬಂತು. ತಮ್ಮದು ಸೂಕ್ಷ್ಮ ಚರ್ಮ, ಹೊಣೆ ಹೊತ್ತ ಚರ್ಮ! ಗೆಳೆಯ ನವೆ ತಗ್ಗಿಸುವ ದುಬಾರಿ ಲೋಷನ್ ಬರೆದುಕೊಟ್ಟು, ಹೊರಡುವಾಗ ಕೈ ಕುಲುಕದೆ ದೂರದಿಂದಲೇ ಕೈ ಬೀಸಿದ. ಲೋಷನ್ ಕೆಲವು ದಿನ ನವೆಯನ್ನು ಜೋಗುಳ ಹಾಡಿ ಮಲಗಿಸಿತು. ಒಳಗೆ ಹುಳಗಳಿಗೆ ಮಾತ್ರ ಕಾವಲುಗಾರ ರಜೆ ಮೇಲೆ ಹೋದಂತಾಯಿತು. ಲೋಷನ್ ಮುಗಿಯುವಷ್ಟರಲ್ಲಿ ಗುಳ್ಳೆ ಹೊಟ್ಟೆಗೂ ತೊಡೆಗೂ ಇಳಿದಿತ್ತು.

ಅತ್ತೆ ಇನ್ನು ಕಾಯಲಿಲ್ಲ. ಒಂದು ಬೆಳಿಗ್ಗೆ ಛತ್ರಿ ಹಿಡಿದು ನೇರವಾಗಿ ಕೇರಿಯ ಆಸ್ಪತ್ರೆಗೆ ನಡೆದು, ಸಿಗಡಿಯ ಹೆಂಗಸರ ಹಿಂದೆ ಸರತಿಯಲ್ಲಿ ನಿಂತರು. ಅಲ್ಲಿ ನಡೆದದ್ದು ಮಧ್ಯಾಹ್ನದ ಹೊತ್ತಿಗೆ ಡ್ರೈವರನ ಬಾಯಿಂದ ಡಾಕ್ಟರ ಕಿವಿಗೆ ಬಿತ್ತು. ಡ್ರೈವರನಿಗೆ ನಗು ತಡೆಯಲಾಗದೆ ಅರ್ಧ ಮಾತನ್ನು ಸ್ಟೇರಿಂಗಿಗೆ ಹೇಳಿದ.

"ಯಾರಿಗಮ್ಮಾ ತುರಿಕೆ ಅಂತ ಡಾಕ್ಟರಮ್ಮ ಕೇಳಿದ್ರಂತೆ ಸಾರ್. ಮನೆಯೋರಿಗೆಲ್ಲ, ಅಳಿಯನಿಂದ ಶುರುವಾಯ್ತು ಅಂದ್ರಂತೆ. ಅಳಿಯ ಏನ್ ಕೆಲಸ ಮಾಡ್ತಾರೆ ಅಂದ್ರೆ..."

"ಏನಂದ್ರು?"

"ಭಾಷಣ ಅಂದ್ರಂತೆ ಸಾರ್."

ಸರತಿಯ ಹೆಂಗಸರೆಲ್ಲ ಹೊಟ್ಟೆ ಹಿಡಿದು ನಕ್ಕರಂತೆ. ಪೆಟ್ಟಿಗೆಯ ತಳದಲ್ಲಿ ಉಳಿದಿದ್ದ ಟ್ಯೂಬುಗಳಲ್ಲಿ ಒಂದನ್ನು ಸಣ್ಣ ಡಾಕ್ಟರಮ್ಮ ಕೊಟ್ಟಳಂತೆ. ಐದು ಜನಕ್ಕೆ ಒಂದೇನಾ ಎಂದು ಅತ್ತೆ ಕೇಳಿದ್ದಕ್ಕೆ, "ನಿಯಮ ಅಮ್ಮ. ಮಾಡಿದೋರು ನಿಮ್ಮನೇಲೇ ಇದ್ದಾರೆ, ವಿಚಾರಿಸಿ," ಎಂದಳಂತೆ.

ಡಾಕ್ಟರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ಮನೆಗೆ ಬಂದು ಊಟದ ಮೇಜಿನ ನಡುವೆ ಆ ಬಿಳಿ ಟ್ಯೂಬು ಕಂಡಾಗ ಬಾಯಲ್ಲಿ ನೀರೂರಿತು.

"ತೆಳ್ಳಗೆ ಹಚ್ಕೊಳ್ಳೋಣ," ಎಂದು ಎತ್ತಿಕೊಂಡು ಬಚ್ಚಲಿಗೆ ಹೋದರು. ಹೊರಗೆ ನಾಲ್ವರು ಕಾದರು. ಒಳಗೆ ಅವರು ಬೆರಳ ಸಂದಿಯಿಂದ ಶುರುಮಾಡಿ, ತೋಳಿಗೆ ಬಂದು, ಹೊಟ್ಟೆಗೆ ಇಳಿದು, ಇನ್ನೊಂದು ಚೂರು, ಇನ್ನೊಂದೇ ಚೂರು ಎನ್ನುತ್ತ ಹಿಮ್ಮಡಿಯವರೆಗೂ ತಲುಪಿದರು. ಬಾಗಿಲು ತೆರೆದಾಗ ಟ್ಯೂಬು ಬಾಲದಿಂದ ಕತ್ತಿನವರೆಗೆ ಸುರುಳಿ ಸುತ್ತಿಕೊಂಡಿತ್ತು.

"ನಮಗೆಲ್ರೀ?" ಎಂದಳು ಹೆಂಡತಿ.

"ಇಲಾಖೆ ನಡೀಬೇಕಲ್ಲ..."

ಹೆಂಡತಿ ಕತ್ತರಿ ತಂದು ಟ್ಯೂಬನ್ನು ಉದ್ದಕ್ಕೆ ಸೀಳಿ, ಒಳಗೆ ಅಂಟಿದ್ದನ್ನು ಉಗುರಿನಿಂದ ಕೆರೆದು ಚಿಕ್ಕ ಮಗಳ ಎರಡು ಅಂಗೈಗೆ ಹಚ್ಚಿದಳು. ಅಷ್ಟಕ್ಕೇ ಮುಗಿಯಿತು. ದೊಡ್ಡವಳು ಅಪ್ಪನ ಮುಖ ನೋಡಿ ಎದ್ದು ಹೋದಳು. ಆ ನೋಟ ಡಾಕ್ಟರಿಗೆ ಗುಳ್ಳೆಗಿಂತ ಜಾಸ್ತಿ ಉರಿಯಿತು. ಒಂಬತ್ತು ಜನರಿರುವ ಮನೆಯಲ್ಲಿ ಈ ಟ್ಯೂಬಿಗೆ ಏನಾಗಿರಬಹುದು ಎಂಬ ಯೋಚನೆಯೊಂದು ತಲೆಯೊಳಗೆ ಇಣುಕಿತು. ಅದನ್ನು ಅವರು ಅಲ್ಲಿಂದಲೇ ಅಟ್ಟಿದರು.

ಸ್ವಲ್ಪ ದಿನ ಅವರಿಗೆ ಹಾಯೆನ್ನಿಸಿತು. ಮನೆಯ ಉಳಿದವರು ಕೆರೆದುಕೊಳ್ಳುತ್ತಲೇ ಇದ್ದರು. ಆಮೇಲೆ, ಪುಸ್ತಕದಲ್ಲಿ ಬರೆದಿದ್ದ ಹಾಗೆಯೇ, ಹೆಂಡತಿಯ ಕೈಯಿಂದ ಅವರ ಕೈಗೆ ಹುಳ ಮರಳಿ ಬಂತು. ಪೇಟೆಯ ಔಷಧಿ ಅಂಗಡಿಯಲ್ಲಿ ಕ್ರೀಮು ಸಿಗುತ್ತಿತ್ತು. ಆದರೆ ಅಂಗಡಿಯವನ ಬಾಯಿ ರೇಡಿಯೋ ಸ್ಟೇಷನ್. ಅವನ ಮುಂದೆ ನಿಂತು ಕಜ್ಜಿಯ ಕ್ರೀಮು ಕೊಡಿ ಎನ್ನುವುದಕ್ಕಿಂತ ಸಾಯುವುದು ಮೇಲೆನ್ನಿಸಿತು.

ಮುಸ್ಸಂಜೆ, ರೋಗಿಗಳೆಲ್ಲ ಹೋದ ಮೇಲೆ, ಅವರು ಕೇರಿಯ ಆಸ್ಪತ್ರೆಯ ಹಿಂಬಾಗಿಲು ತಟ್ಟಿದರು. ಸಣ್ಣ ಡಾಕ್ಟರಮ್ಮ ಕೈ ಒರೆಸಿಕೊಳ್ಳುತ್ತ ಬಂದಳು. ಇಣುಕಿ ನೋಡಿ ಸ್ಟೂಲು ತೋರಿಸಿದಳು. ಅವರ ಬೆರಳ ಸಂದಿಗೆ ಒಂದು ತೊಟ್ಟು ಶಾಯಿ ಬಿಟ್ಟು, ಒದ್ದೆ ಹತ್ತಿಯಿಂದ ಒರೆಸಿದಳು. ಶಾಯಿಯೆಲ್ಲ ಹೋಯಿತು, ಕೂದಲೆಳೆಯಂಥ ಒಂದು ಸೊಟ್ಟ ನೀಲಿ ಗೆರೆ ಮಾತ್ರ ಉಳಿಯಿತು.

"ಇದೇನು ಸಾರ್?"

"ಸುರಂಗ," ಎಂದರು ಡಾಕ್ಟರು, ಮೌಖಿಕ ಪರೀಕ್ಷೆಗೆ ಕೂತ ಹುಡುಗನ ದನಿಯಲ್ಲಿ.

"ಯಾರು ತೋಡಿದ್ದು?"

"ಹೆಣ್ಣು ಹುಳ. ಮೊಟ್ಟೆ ಇಡಕ್ಕೆ."

"ರೋಗದ ಹೆಸರು?"

"ಒಂಥರಾ ಚರ್ಮದ..."

"ಸಾರ್."

"ಕಜ್ಜಿ," ಎಂದರು ಡಾಕ್ಟರು.

"ಪಾಸಾದ್ರಿ," ಎಂದು ಅವಳು ಒಳಗೆ ಹೋದಳು. ಒಳಕೋಣೆಯಲ್ಲಿ ಅಗಲವಾದ ಬೋಗುಣಿ ತುಂಬ ಹಳದಿ ಮುಲಾಮು, ಗೋಡೆಯುದ್ದಕ್ಕೂ ತುಂಬಿಟ್ಟ ಡಬ್ಬಿಗಳು. ಬೇಡವೆಂದಿದ್ದರೂ ಅವಳು ಕಲಸಿದ್ದಳು.

"ಇಷ್ಟು ಇಟ್ಕೊಂಡು ಹಂಚಲಿಲ್ಲ ಯಾಕೆ?" ಎಂದು ಕೇಳುವ ಧೈರ್ಯ ಅವರಿಗೆ ಎಲ್ಲಿಂದ ಬಂತೋ.

"ತಗೊಳ್ಳೋರು ಯಾರು ಸಾರ್? ನೀವು ಪೆಂಡಾಲ್ ಹಾಕಿ ಬಿಳಿ ಟ್ಯೂಬು ತೋರಿಸಿಬಿಟ್ರಿ. ಈಗ ಈ ಡಬ್ಬಿ ಕಂಡ್ರೆ ಮೂಗು ಮುಚ್ಕೋತಾರೆ. ಬಡವರಿಗೆ ಮಾತ್ರ ಒಳ್ಳೇದು ಬೇಕು ಅನ್ನಿಸಬಾರದಾ?" ಡಬ್ಬಿಗಳನ್ನು ಚೀಲಕ್ಕೆ ತುಂಬುತ್ತ ಅವಳು ಸೇರಿಸಿದಳು, "ನಿಮ್ಮನೆ ಅಡುಗೆಯೋಳು ನಿಮ್ಮ ಚಿಕ್ಕ ಮಗಳನ್ನ ತೊಡೆ ಮೇಲೆ ಮಲಗಿಸ್ಕೊಳ್ತಾಳಂತಲ್ಲ, ಅವಳ ಮನೆಗೂ ಒಂದು. ಬಟ್ಟೆ, ಹೊದಿಕೆ ಎಲ್ಲ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ನವೆ ಇನ್ನೂ ಸ್ವಲ್ಪ ದಿನ ಇರುತ್ತೆ, ಹೆದರಬೇಡಿ. ಗೊತ್ತಲ್ಲ ನಿಮಗೆ."

ಆ ಮೂರು ದಿನ ಮನೆ ಅತ್ತೆಯ ಆಡಳಿತಕ್ಕೆ ಬಂತು. ಒಬ್ಬೊಬ್ಬರನ್ನೇ ನಿಲ್ಲಿಸಿ, ಹೊಕ್ಕುಳೂ ಬಿಡದಂತೆ ಬಳಿಸಿದರು. ಅಳಿಯನ ಬೆನ್ನಿಗೆ ಹೆಂಡತಿಯೇ ಹಚ್ಚಿದಳು. ಟ್ಯೂಬಿನ ಸಿಟ್ಟು ಇನ್ನೂ ಆರಿರಲಿಲ್ಲ, ಹಾಗಾಗಿ ಅದು ಹಚ್ಚುವುದಕ್ಕಿಂತ ಪಾತ್ರೆ ಉಜ್ಜಿದಂತಿತ್ತು. ಮನೆಗೆ ಮನೆಯೇ ಗಬ್ಬೆಂದಿತು. ಡಾಕ್ಟರು ಸೆಂಟು ಬಳಿದುಕೊಂಡು ಕಚೇರಿಗೆ ಹೋದರು. ಕೊಳೆತ ಮೊಟ್ಟೆಯ ಮೇಲೆ ಮಲ್ಲಿಗೆ ಚೆಲ್ಲಿದಂತಾಯಿತು. ಅದೇ ದಿನ ನಿರ್ದೇಶಕರು ಹೇಳದೆ ಕೇಳದೆ ತಪಾಸಣೆಗೆ ಬರಬೇಕೇ?

"ಏನ್ರೀ ಇದು ವಾಸನೆ?" ಎಂದು ಅವರು ಬಾಗಿಲಲ್ಲೇ ನಿಂತರು.

"ಚರಂಡಿ ಸಾರ್," ಎಂದರು ಡಾಕ್ಟರು, ಕಣ್ಣು ಮಿಟುಕಿಸದೆ.

ನಿರ್ದೇಶಕರು ಅಲ್ಲಿಂದಲೇ ಫೋನು ತಿರುಗಿಸಿ ನಗರಸಭೆಯವರ ಚಳಿ ಬಿಡಿಸಿದರು. ಮರುದಿನ ಬೆಳಿಗ್ಗೆಯೇ ಕೂಲಿಗಳು ಬಂದು ಯಾವ ತೊಂದರೆಯೂ ಇಲ್ಲದೆ ಹರಿಯುತ್ತಿದ್ದ ಚರಂಡಿಯನ್ನು ಅಗೆದು ಹಾಕಿದರು. ಆಮೇಲೆ ಅದು ನಿಜವಾಗಿಯೂ ನಾರತೊಡಗಿತು.

ವಾರದ ನಂತರ ಇನ್ನೊಂದು ಸಲ ಹಚ್ಚಿಯಾಯಿತು. ನವೆ ಇಳಿಯುತ್ತ ಬಂತು. ಒಂದು ದಿನ ಡಾಕ್ಟರಿಗೆ ಎಚ್ಚರವಾದಾಗ ಬಿಸಿಲು ಹಾಸಿಗೆಯ ಮೇಲಿತ್ತು. ಒಂದೇ ಮಗ್ಗುಲಲ್ಲಿ, ಮೈಮರೆತು, ಅಷ್ಟು ಹೊತ್ತು ಮಲಗಿದ್ದರು. ಪಕ್ಕದ ಕೋಣೆಯಲ್ಲಿ ಮಕ್ಕಳೂ ಬಾಯಿ ತೆರೆದು ಮಲಗಿದ್ದರು. ಹಾಗೇ ಕಣ್ಣು ಮುಚ್ಚಿ ಬಿದ್ದುಕೊಂಡಿದ್ದಾಗ ಪೆಂಡಾಲಿನ ಕೂಸು ನೆನಪಾಯಿತು. ಅಷ್ಟು ಗದ್ದಲದಲ್ಲಿ, ಗುರುತಿಲ್ಲದ ಗಂಡಸಿನ ಕೈ ಮೇಲೆ, ಅದು ಕಲ್ಲಿನಂತೆ ನಿದ್ದೆಹೋಗಿತ್ತಲ್ಲ, ರಾತ್ರಿಯೆಲ್ಲ ಎಚ್ಚರವಿದ್ದ ಕೂಸು. ಈ ಸಲ ಆ ಯೋಚನೆಯನ್ನು ಅಟ್ಟಲಾಗಲಿಲ್ಲ. ಎದ್ದು, ಕಾಫಿಯನ್ನೂ ಕುಡಿಯದೆ, ಡ್ರೈವರನನ್ನು ಕರೆದರು. ಅಡುಗೆಯವಳ ಮನೆಗೆ ಇನ್ನೊಂದು ಡಬ್ಬಿ ಕೊಡಬೇಕೆಂಬ ನೆಪ ಹೇಳಿ ಅತ್ತೆಯೂ ಕಾರು ಹತ್ತಿದರು.

ಐಸ್ ಕಾರ್ಖಾನೆಯ ಅಂಗಳದಲ್ಲಿ ಪಾಳಿ ಬದಲಾಗುವ ಹೊತ್ತು. ಡಾಕ್ಟರು ಮೊದಲು ಆಸ್ಪತ್ರೆಗೆ ಹೋಗಿ ಕೇಳಿಕೊಂಡಿದ್ದರಿಂದ ಸಣ್ಣ ಡಾಕ್ಟರಮ್ಮ ಡಬ್ಬಿಗಳನ್ನು ಅಲ್ಲಿಗೆ ತಂದು ಮೇಜಿನ ಮೇಲೆ ಜೋಡಿಸಿದ್ದಳು. ಜನ ಸೇರಿದರು, ಮೂಸಿದರು, ಮುಖ ಸಿಂಡರಿಸಿದರು.

"ಫೋಟೋಗೆ ಟ್ಯೂಬು, ಮೈಗೆ ಡಬ್ಬೀನಾ?" ಎಂದ ಐಸು ಹೊರುವವನೊಬ್ಬ.

"ನೀವು ಇದನ್ನ ನಿಮ್ಮ ಮಕ್ಕಳಿಗೆ ಬಳೀತೀರಾ ಸಾಹೇಬ್ರೇ?" ಎಂದಳು ಒಬ್ಬ ಹೆಂಗಸು.

ಡಾಕ್ಟರು ಗಂಟಲು ಸರಿಮಾಡಿಕೊಂಡರು. ಮೈಕು ಇರಲಿಲ್ಲ, ಇದ್ದಿದ್ದರೆ ಅದರ ಹಿಂದಾದರೂ ಅಡಗಬಹುದಿತ್ತು. "ನೋಡಿ, ಇದು ಬಹಳ ಒಳ್ಳೆ ಔಷಧಿ. ನಮ್ಮ... ನಮ್ಮ ಸ್ನೇಹಿತರೊಬ್ಬರಿಗೆ, ದೊಡ್ಡ ಹುದ್ದೇಲಿರೋರು, ಅವರಿಗೂ ಇದೇ ಥರ ಒಂದು ತೊಂದರೆ..."

"ಸ್ನೇಹಿತರೂ ಇಲ್ಲ, ನೆಂಟರೂ ಇಲ್ಲ," ಎಂದು ಹಿಂದಿನಿಂದ ಅತ್ತೆಯ ದನಿ ಎದ್ದಿತು. "ಇವರಿಗೇ ಕಣ್ರಮ್ಮಾ. ಇವರಿಗೆ, ನನ್ನ ಮಗಳಿಗೆ, ಮೊಮ್ಮಕ್ಕಳಿಗೆ, ನನಗೆ. ಮನೆ ತುಂಬ ಕಜ್ಜಿ! ಕಾರಲ್ಲಿ ಓಡಾಡೋ ಕಜ್ಜಿ! ಟ್ಯೂಬು ತಂದ್ರೆ ಇವರೊಬ್ಬರೇ ಖಾಲಿ ಮಾಡಿದ್ರು. ಕೊನೆಗೆ ಈ ಡಬ್ಬೀನೇ ಗತಿಯಾಯ್ತು. ನಾರುತ್ತೆ, ನಾನು ಇಲ್ಲ ಅನ್ನಲ್ಲ. ಮೂರು ದಿನ ನಮ್ಮನೇಗೆ ನೊಣಾನೂ ಬರಲಿಲ್ಲ."

ಐಸಿನ ಯಂತ್ರದ ಸದ್ದನ್ನೂ ಮುಳುಗಿಸುವ ಹಾಗೆ ಅಂಗಳಕ್ಕೆ ಅಂಗಳವೇ ನಕ್ಕಿತು. ಡಬ್ಬಿ ಹಿಡಿದಿದ್ದ ಸಣ್ಣ ಡಾಕ್ಟರಮ್ಮನ ಭುಜ ಕುಲುಕುತ್ತಿತ್ತು. ಡಾಕ್ಟರು ಭೂಮಿಯತ್ತ ನೋಡಿದರು. ಅದು ಬಾಯಿ ಬಿಡುವ ಲಕ್ಷಣ ಕಾಣಲಿಲ್ಲ. ಬೇರೆ ದಾರಿಯಿಲ್ಲದೆ ಅಂಗಿಯ ತೋಳು ಮಡಿಸಿ ಕೈ ಮುಂದೆ ಹಿಡಿದರು. ಗುಳ್ಳೆ ಒಣಗಿ ಕಂದು ಕಲೆಗಳಾಗಿದ್ದವು.

"ಹೌದು, ನಂಗೂ ಆಗಿತ್ತು," ಎಂದರು. ಅದು ಅವರ ಜೀವನದ ಅತಿ ಚಿಕ್ಕ ಭಾಷಣ.

ಹೆಂಗಸೊಬ್ಬಳು ಮುಂದೆ ಬಂದು ಆ ಕೈಯನ್ನು ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಅಂದು ಕೂಸು ಕೊಟ್ಟಿದ್ದವಳೇ. "ಅಯ್ಯೋ, ನಮ್ ಮಗೂನಿಂದ ಬಂತಾ ಸಾಹೇಬ್ರೇ?" ಎಂದವಳ ದನಿಯಲ್ಲಿ ಅರ್ಧ ನಗು, ಅರ್ಧ ಮರುಕ. "ರಾತ್ರಿ ಬಹಳ ಕಷ್ಟ ಆಯ್ತಾ?"

ಆ ಪ್ರಶ್ನೆಯನ್ನು ಅಲ್ಲಿಯವರೆಗೆ ಅವರನ್ನು ಯಾರೂ ಕೇಳಿರಲಿಲ್ಲ. ಅವರು ಯಾರನ್ನೂ ಕೇಳಿರಲಿಲ್ಲ. ತಲೆಯಾಡಿಸಿದರು. ಅವಳು ಎರಡು ಡಬ್ಬಿ ಎತ್ತಿಕೊಂಡಳು. ಅವಳ ಹಿಂದೆ ಕೈಗಳು ಮುಂದೆ ಬಂದವು.

ಆ ಸಂಜೆ ಕೇರಿಯಲ್ಲಿ ಎದ್ದ ವಾಸನೆ ಬಂದರಿನ ಮೀನಿನ ವಾಸನೆಯನ್ನೂ ಮೂಲೆಗೆ ತಳ್ಳಿತು. ಎಲ್ಲವೂ ಒಂದೇ ಏಟಿಗೆ ಸರಿಹೋಗಲಿಲ್ಲ. ಕೂಲಿ ಮೇಸ್ತ್ರಿಯ ಮಹಡಿ ಮನೆಯವರು ತಮ್ಮದು ಬರೀ ಹೀಟು ಎಂದು ಬಾಗಿಲು ಹಾಕಿಕೊಂಡರು. ಅವರ ಮನೆಯಿಂದ ಕಜ್ಜಿ ಮತ್ತೆ ನಾಲ್ಕಾರು ಮನೆಗೆ ಇಳಿಯಿತು. ಸಣ್ಣ ಡಾಕ್ಟರಮ್ಮ ಮತ್ತೆ ಮನೆಮನೆ ಸುತ್ತಿದಳು, ಈ ಸಲ ಅತ್ತೆಯನ್ನು ಜೊತೆಗೆ ಕರೆದುಕೊಂಡು. ಅತ್ತೆಯ ಬಾಯಿಗೆ ಹೆದರಿ ಮೇಸ್ತ್ರಿ ಬಾಗಿಲು ತೆಗೆದ. ಮಳೆಗಾಲ ಮುಗಿಯುವ ಹೊತ್ತಿಗೆ ಕೀವು ಗಾಯ ಹೊತ್ತು ಆಸ್ಪತ್ರೆಗೆ ಬರುವ ಮಕ್ಕಳು ಅಪರೂಪವಾದರು. ಶಾಲೆಯಲ್ಲಿ ಯಾರೂ ತೂಕಡಿಸುತ್ತಿರಲಿಲ್ಲ. ಮೇಷ್ಟರು ಈಗ ಗಲಾಟೆ ಜಾಸ್ತಿಯೆಂದು ಬೈಯುತ್ತಿದ್ದರು. ಭಾಷಣದ ಡಾಕ್ಟರಿಗೆ ಕೇರಿಯಲ್ಲಿ ಕಜ್ಜಿ ಡಾಕ್ಟರೆಂದೇ ಹೆಸರು ನಿಂತಿತು. ಕಾರಿನ ಗಾಜು ಏರಿಸಿದರೂ ಅದು ಕೇಳಿಸುತ್ತಿತ್ತು.

ಮಂತ್ರಿಗಳು ಮತ್ತೊಮ್ಮೆ ಬಂದು, ತಮ್ಮ ಬಿಳಿ ಟ್ಯೂಬಿನ ಪವಾಡವನ್ನು ಬಣ್ಣಿಸಿದರು. ಕೇರಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವೇದಿಕೆಯ ಮೇಲಿದ್ದ ಡಾಕ್ಟರು ಎದ್ದು ನಿಂತು ಅಲ್ಲ ಸ್ವಾಮಿ ಎನ್ನಬಹುದಿತ್ತು. ಎನ್ನಲಿಲ್ಲ, ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು. ಅಷ್ಟು ವರ್ಷದ ಅಭ್ಯಾಸ, ಒಂದು ಡಬ್ಬಿ ಗಂಧಕಕ್ಕೆ ಬಿಡುವಂಥದ್ದಲ್ಲ. ಸಣ್ಣ ಡಾಕ್ಟರಮ್ಮ ಕೆಳಗಿನ ಸಾಲಿನಿಂದ ಅವರನ್ನೇ ನೋಡುತ್ತಿದ್ದಳು. ಸಭೆ ಮುಗಿದ ಮೇಲೆ ಅವರು ಪಕ್ಕಕ್ಕೆ ಬಂದು ನಿಂತರು.

"ಉಪ್ಪು ತೆಗೆಯೋರ ಕೇರೀಲೂ ಇದೆಯಂತೆ ಡಾಕ್ಟ್ರೇ. ಇನ್ನೊಂದಿಷ್ಟು... ಅದು..."

"ಯಾವುದು ಸಾರ್? ಟ್ಯೂಬಾ?"

"ಗಂಧಕ ಕಣ್ರೀ," ಎಂದರು ಡಾಕ್ಟರು, ಅತ್ತಿತ್ತ ನೋಡಿ.

"ಸ್ವಲ್ಪ ಗಟ್ಟಿಯಾಗಿ ಹೇಳಿ, ಕೊಡ್ತೀನಿ."

ಮರುದಿನ ಇಲಾಖೆಯ ಕಾರಿನ ಹಿಂದಿನ ಸೀಟಿನ ತುಂಬ ಡಬ್ಬಿಗಳಿದ್ದವು. ಡ್ರೈವರ್ ನಾಲ್ಕೂ ಗಾಜು ಇಳಿಸಿ, ತಲೆ ಹೊರಗೆ ಹಾಕಿಕೊಂಡೇ ಓಡಿಸಿದ. ಉಪ್ಪಿನ ಕೇರಿಯ ಬಾಯಲ್ಲಿ, ಕಲ್ಲುಬೆಂಚಿನ ಮೇಲೆ, ಮುದುಕನೊಬ್ಬ ಕೂತು ತೊಡೆಗೆ ಕೈ ಉಜ್ಜುತ್ತಿದ್ದ.

"ನಮ್ಮಲ್ಲಿ ಯಾರಿಗೂ ಅಂಥದ್ದೆಲ್ಲ ಇಲ್ಲ ಸಾಹೇಬ್ರೇ," ಎಂದ, ಕೇಳುವ ಮೊದಲೇ. "ಇದು ಉಪ್ಪಿನ ಉರಿ."

ಡಾಕ್ಟರು ಅವನ ಪಕ್ಕದಲ್ಲೇ ಬೆಂಚಿನ ಮೇಲೆ ಕೂತರು. ಏನಾದರೂ ಹೇಳಬೇಕೆಂದು ಬಾಯಿ ತೆರೆದವರು ಮತ್ತೆ ಮುಚ್ಚಿದರು.

"ಕೈ ಕೊಡಿ ತಾತ, ನೋಡೋಣ," ಎಂದರು ಕೊನೆಗೆ.

ಮುದುಕ ಎರಡೂ ಕೈಯನ್ನು ಪಂಚೆಯೊಳಗೆ ಸೇರಿಸಿಕೊಂಡ. ಡಾಕ್ಟರು ಏಳಲಿಲ್ಲ. ಡ್ರೈವರ್ ಡಬ್ಬಿಗಳನ್ನು ಇಳಿಸಿ ಮುಗಿಸಿದ. ಬಹಳ ಹೊತ್ತಿನ ಮೇಲೆ ಮುದುಕ ಎಡಗೈಯನ್ನು ಮೆಲ್ಲಗೆ ಹೊರತೆಗೆದು ಅವರ ಅಂಗೈ ಮೇಲಿಟ್ಟ.

"ಇದೊಂದೇ ನೋಡಿ," ಎಂದ. "ಇನ್ನೊಂದು ಚೆನ್ನಾಗೇ ಇದೆ."